ನಾಯಿಗೊಂದು ಹರಕೆ

ನಮ್ಮ ಮನೆಯಲ್ಲಿ ಮಣಿ ಎಂಬ ನಾಯಿಯಿದ್ದ ಕಾಲದಲ್ಲಿ, ರಸ್ತೆಯಿಂದ ನಾವಿರುವ ಹಟ್ಟಿಗೆ ಹತ್ತುವ ಮೆಟ್ಟಿಲುಗಳ ನಡುವೆ ಅವನು ಕುಳಿತುಬಿಡುತ್ತಿದ್ದ. ಕುಳಿತು, ಕಿವಿ ನಿಮಿರಿಸಿ, ಕೆಳಗಿನ ತೇಯಿಲೆ ತೋಟದ ಮೇಲೆ ಮಂಜು ಹರಡುವುದನ್ನು ನೋಡುತ್ತಿದ್ದ. ಪ್ರಕೃತಿಸೌಂದರ್ಯಕ್ಕೆ ಮನಸೋಲುವ ರಸಿಕ ಶ್ವಾನವೊಂದು ನಮ್ಮ ಪಾಲಿಗೆ ಬಂದಿದೆಯೆಂದು ನಾನು ಬಂಧುಮಿತ್ರರಲ್ಲೆಲ್ಲ ಹೇಳಿಕೊಂಡೆ. ಅವನ ಪಕ್ಕದಲ್ಲೇ ಕುಳಿತು ನಾನೂ ರಸಾಸ್ವಾದ ಮಾಡುತ್ತಿದ್ದೆ. ಕೂನೂರಿನ ಪಶುವೈದ್ಯರು ಮಾತ್ರ ಅವನ ಪಕ್ಕೆ ಒತ್ತಿ ನೋಡಿ, ಎಲುಬು ಕೈಗೆ ಸಿಗದೆ, ನಮ್ಮಿಬ್ಬರ ರಸಿಕತೆಗೂ ಒಂದೇ ಹೆಸರು ಕೊಟ್ಟರು: ಬೊಜ್ಜು.

ನಕ್ಕು ಮರೆಯುವ ಮಾತಾಗಿರಲಿಲ್ಲ. ನಮ್ಮೂರು ಹುಬ್ಬತಲೈ ಸುತ್ತಿನ ತೋಟಗಳಿಗೆ ಹೊತ್ತು ಇಳಿಯುತ್ತಲೇ ಚಿರತೆ ಬರುತ್ತದೆ, ಅದಕ್ಕೆ ನಾಯಿಯೆಂದರೆ ಬಲು ಇಷ್ಟ. ಮೆಟ್ಟಿಲ ನಡುವೆ ಏದುಸಿರು ಬಿಡುತ್ತ ಕೂರುವ ನಾಯಿ, ಓದುಗರೇ, ಎಲೆ ಹಾಕಿ ಬಡಿಸಿಟ್ಟ ಊಟ. "ತೆಳ್ಳಗಾಗದಿದ್ದರೆ ಹೃದಯ ನಿಲ್ಲಬೇಕು, ಇಲ್ಲ ಚಿರತೆ ಒಯ್ಯಬೇಕು," ಎಂದರು ವೈದ್ಯರು.

ಮನೆಯಲ್ಲಿ ಅವನ ಅನ್ನವನ್ನು ಅರ್ಧಕ್ಕಿಳಿಸಿದೆವು. ವಾರಗಳು ಕಳೆದವು, ಮಣಿ ಇನ್ನಷ್ಟು ದುಂಡಗಾದ. ಗಾಳಿಯನ್ನೇ ಉಂಡು ಕೊಬ್ಬುವ ಯೋಗಿಯೋ ಇವನು ಎಂದು ಬೆರಗಾಗಿ ಒಂದು ಬೆಳಿಗ್ಗೆ ಹಿಂಬಾಲಿಸಿದೆ. ನಮ್ಮ ಹಟ್ಟಿಯ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡು ಒಂದೇ ಸಾಲಾಗಿ ನಿಂತಿವೆ. ಎಲ್ಲಕ್ಕೂ ಸೇರಿ ಒಂದೇ ಅಂಗಳ. ಮಣಿ ಸಾಲಿನ ತುದಿಯಿಂದ ಹೊರಟು ಪ್ರತಿ ಬಾಗಿಲಲ್ಲೂ ನಿಂತು, ಸುಮ್ಮನೆ ನೋಡುತ್ತಿದ್ದ. ನಮ್ಮಲ್ಲಿ ಬಾಗಿಲಿಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವುದಿಲ್ಲ. ನೋಡುತ್ತಿರುವ ಕಣ್ಣಿನೆದುರು ಒಬ್ಬರೇ ತಿನ್ನುವುದಂತೂ ಇಲ್ಲವೇ ಇಲ್ಲ. ಬಂದವರಿಗೆ ಬಾಲವಿದ್ದರೆ ಈ ನಿಯಮ ಸಡಿಲಾಗುತ್ತದೆಂದು ಹಿರಿಯರು ಯಾರೂ ಹೇಳಿಕೊಟ್ಟಿರಲಿಲ್ಲ.

ಪಕ್ಕದ ಮನೆಯ ನಂಜಿ ಅಕ್ಕನನ್ನು ಕೇಳಿದೆ.

"ನಾನು ಇಕ್ಕಿದ್ದು ಒಂದೇ ತುತ್ತು, ತಮ್ಮಾ. ಕೆಡಿಸಿದ್ದು ಆ ಕಡೆ ಮನೆಯವರು."

"ಡಾಕ್ಟರು ಅದೂ ಬೇಡ ಅಂದಿದ್ದಾರೆ, ಅಕ್ಕಾ."

"ಡಾಕ್ಟರ ಮೊಕವ ಅವ ನೋಡೋದಿಲ್ಲೆ, ಎನ್ನ ಮೊಕವ ನೋಡ್ತಾನೆ. ಪಾಪ. ಅದಿರಲಿ, ನಿನ್ನ ಹೊಟ್ಟೆಗ ಏನೂ ಹೇಳಿಲ್ಲೆಯಾ ಆ ಡಾಕ್ಟರು?"

ಆ ಕಡೆ ಮನೆಯವರು ಈ ಕಡೆಗೆ ಕೈ ತೋರಿಸಿದರು.

ನನ್ನ ಬಾಲ್ಯದಲ್ಲಿ ಅಜ್ಜನ ನಾಯಿಗೂ ಇದೇ ಬಾಗಿಲುಗಳಲ್ಲಿ ತುತ್ತು ಬೀಳುತ್ತಿತ್ತು: ರಾಗಿಹಿಟ್ಟು, ಮಜ್ಜಿಗೆ, ಬೆಂದ ಆಲೂಗಡ್ಡೆ. ಆದರೂ ಅದರ ಪಕ್ಕೆಲುಬುಗಳು ದೂರದಿಂದಲೇ ಕಾಣುತ್ತಿದ್ದವು. ಬೆಳಗಾದರೆ ಎಮ್ಮೆಗಳ ಹಿಂದೆ ಹುಲ್ಲುಗುಡ್ಡ ಹತ್ತುತ್ತಿತ್ತು, ಬೈಗಿಗೆ ಅವನ್ನು ತಿರುಗಿಸಿ ತರುತ್ತಿತ್ತು. ಗುಡ್ಡದಾಚೆಯಿಂದ ಅಜ್ಜನ ಕೂಗು, ಅದಕ್ಕೆ ನಾಯಿಯ ಉತ್ತರ, ಆಮೇಲೆ ಹಸಿಹುಲ್ಲಿನ ವಾಸನೆ ಹೊತ್ತು ಮಂಜಿನೊಳಗಿಂದ ಒಂದೊಂದಾಗಿ ಮೂಡುವ ಕೊಂಬುಗಳು. ಇಂದಿಗೂ ಸಂಜೆ ಮಂಜು ಕವಿದರೆ ಕಿವಿ ತಾನಾಗಿ ಆ ಕೂಗಿಗೆ ಕಾಯುತ್ತದೆ. ಗುಡ್ಡಕ್ಕೆ ತೇಯಿಲೆ ಬಂತು, ಎಮ್ಮೆಗಳು ಹೋದವು. ನನ್ನಂಥವರು ಅರವಂಕಾಡಿನ ಕಾರ್ಖಾನೆಯ ಕುರ್ಚಿಗಳಲ್ಲಿ ಕುಳಿತೆವು, ನಾಯಿಗಳು ಹೊಸ್ತಿಲಲ್ಲಿ ಕುಳಿತವು. ಓಟ ನಿಂತರೂ ತುತ್ತಿನ ಅಳತೆ ಮಾತ್ರ ಎಮ್ಮೆಗಳ ಕಾಲದ್ದೇ ಉಳಿದುಬಿಟ್ಟಿತು, ನಾಯಿಗಳಿಗೂ ನಮಗೂ.

ಕೊನೆಗೆ ಹೊಣೆ ಹೊತ್ತವಳು ನನ್ನ ಅವ್ವೆ. ಒಂದು ಬೆಳಿಗ್ಗೆ ಅಂಗಳದ ನಡುವೆ ನಿಂತು, ಸಾಲಿಗೆಲ್ಲ ಕೇಳುವಂತೆ, ನಮ್ಮ ಕುಲದ ಹಿರಿತಾಯಿ ಹೆತ್ತೆಯಮ್ಮನಿಗೆ ಕೈಮುಗಿದಳು: "ತಾಯೀ, ಮಣಿ ರಸ್ತೆಯಿಂದ ಇಲ್ಲಿಗ ನಿಲ್ಲದೆ ಓಡಿ ಬರುವ ತನಕ ನಾನು ಬೆಲ್ಲದ ಕಾಪಿ ಮುಟ್ಟೆ." ಆ ಕಾಪಿಯೊಂದನ್ನು ಬಿಟ್ಟರೆ ಅವ್ವೆಗೆ ಲೋಕದಲ್ಲಿ ಬೇರೆ ಭೋಗವಿರಲಿಲ್ಲ, ಅದು ಹಟ್ಟಿಗೆಲ್ಲ ಗೊತ್ತು. ಅಂದಿನಿಂದ ಮಣಿಗೆ ಇಕ್ಕುವ ಪ್ರತಿ ತುತ್ತೂ ಅವ್ವೆಯ ಲೋಟದಿಂದ ಕಸಿದ ಗುಟುಕಾಯಿತು.

ಬಾಗಿಲುಗಳು ಮುಚ್ಚಲಿಲ್ಲ, ಅದು ನಮ್ಮವರ ಕೈಲಾಗದು. ಬದಲಿಗೆ, ಮಣಿ ಬಂದು ನಿಂತೊಡನೆ ಒಳಗಿದ್ದವರು ಎದ್ದು ಬಂದು ಅವನನ್ನು ಕರೆದುಕೊಂಡೇ ಹೊರಡತೊಡಗಿದರು. ಎಲೆ ಕೀಳುವವರೊಂದಿಗೆ ತೋಟಕ್ಕೆ, ಎಲೆಮೂಟೆಯ ಹಿಂದೆ ತೇಯಿಲೆ ಫ್ಯಾಕ್ಟರಿಗೆ, ನಂಜಿ ಅಕ್ಕನೊಂದಿಗೆ ಸೌದೆಗೆ. ಇಕ್ಕಲಾಗದ ಪ್ರೀತಿ ಹೀಗೆ ನಡೆಯಲು ಕಲಿಯಿತು. ನನ್ನ ಪಾಳಿ ಸಂಜೆಯದು. ಏದುಸಿರು ಬಿಡುವ ಕೆಲಸ ಬರಬರುತ್ತ ನನ್ನೊಬ್ಬನಿಗೇ ಉಳಿಯಿತು.

ಹೀಗಿರುವಾಗ ಒಂದು ಸಂಜೆ ನಾವಿಬ್ಬರೂ ರಸ್ತೆಯಲ್ಲಿದ್ದೆವು. ತೋಟದಂಚಿನ ಪೊದೆ ಅಲುಗಿತು. ನಾನು ಕಂಡದ್ದು ಅಷ್ಟೇ. ಮಣಿಯ ಮೂಗಿಗೆ ಹೆಚ್ಚು ತಿಳಿದಿರಬೇಕು. ಬೆನ್ನಿನ ಕೂದಲು ಸೆಟೆದು ನಿಂತಿತು, ಮರುಕ್ಷಣ ಯಜಮಾನನನ್ನು ಕಾಯುವ ಶ್ವಾನಧರ್ಮವನ್ನು ಅಲ್ಲೇ ತೊರೆದು ಅವನು ಮೆಟ್ಟಿಲುಗಳ ಮೇಲೆ ಹಾರಿದ. ನಾನು ಕೈಕಾಲೆಲ್ಲ ಊರಿಕೊಂಡು ಅಂಗಳ ಮುಟ್ಟುವಷ್ಟರಲ್ಲಿ ಅವನು ಅವ್ವೆಯ ಮುಂದೆ ನಿಂತಿದ್ದ. ಮೇಲಿನಿಂದ ಎಲ್ಲವನ್ನೂ ನೋಡಿದ್ದ ನಂಜಿ ಅಕ್ಕ, ನಾನು ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ ಬೆಲ್ಲದ ಕಾಪಿ ಕಾಸಿ ತಂದಳು.

"ಕುಡಿ ಮಾಮಿ. ಮಣಿ ಎಲ್ಲಿಯೂ ನಿಂದಿಲ್ಲೆ. ನಿನ್ನ ಮಗನೇ ನಿಂದದ್ದು."

ಅವ್ವೆ ಲೋಟವನ್ನು ತುಟಿಗೆ ತಂದಳು. ಎದುರಿಗೆ ಮಣಿ ನಾಲಿಗೆ ಚಾಚಿ, ಅವಳನ್ನೇ ನೋಡುತ್ತಿದ್ದ. ಅವ್ವೆಯ ಕೈ ತಡೆಯಿತು. ಅವಳು ನಿಧಾನವಾಗಿ ಗೋಡೆಯ ಕಡೆಗೆ ತಿರುಗಿ ಕುಳಿತು, ಜೀವಮಾನದಲ್ಲಿ ಮೊದಲ ಸಲ, ಯಾರಿಗೂ ಕೊಡದೆ ಒಬ್ಬಳೇ ಕುಡಿದಳು.