ಜೀಪ್ ಸ್ಟ್ಯಾಂಡ್ ಆಗದೆ ಉಳಿದ ಅರ್ಧ ಎಕರೆ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ಕಕ್ಕಬೆ ಕಡೆಯ ಒಂದು ಗ್ರಾಮ ಪಂಚಾಯಿತಿಗೆ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿ ಹೋದೆ. ಮಾರ್ಚ್ ತಿಂಗಳು. ಹೂಮಳೆ ಬಿದ್ದು ಕಾಫಿ ಅರಳಿತ್ತು. ಕಡತ ತೆರೆದರೂ ಆ ಪರಿಮಳವೇ. ಈಗ ಮಡಿಕೇರಿಯ ಮನೆಯಲ್ಲಿ ಕುಳಿತು ನೆನೆದರೆ, ಮೂವತ್ತು ವರ್ಷಗಳ ನೌಕರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಕಚೇರಿ ಅದೇ.

ಅಧ್ಯಕ್ಷ ಪೊನ್ನಪ್ಪ ಪ್ರವಾಸಿಗರನ್ನು ಬೆಟ್ಟಕ್ಕೆ ಕರೆದೊಯ್ಯುವ ಜೀಪಿನ ಚಾಲಕರು. ಜೀಪ್ ಸ್ಟ್ಯಾಂಡ್ ಮಾಡಿಸುತ್ತೇನೆಂದು ಮಾತು ಕೊಟ್ಟೇ ಗೆದ್ದಿದ್ದರು. ರಸ್ತೆ ಬದಿಯಲ್ಲಿ ಅರ್ಧ ಎಕರೆ ಸಮತಟ್ಟು ಜಾಗವಿತ್ತು, ಜೀಪುಗಳು ಆಗಲೇ ಅಲ್ಲಿ ನಿಲ್ಲುತ್ತಿದ್ದವು. ಆದರೆ ಪಹಣಿಯಲ್ಲಿ ಅದು ಸಾರ್ವಜನಿಕ ಸ್ಮಶಾನ.

ಒಂದು ದಿನ ಗ್ರಾಮಸಭೆಯಲ್ಲಿ ಸ್ಟ್ಯಾಂಡಿನ ಪ್ರಸ್ತಾವ ಬಂತು. ಊರವರು ಒಟ್ಟಾಗಿ ಕೈ ಎತ್ತಿದರು. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಗೌರಿ ಎಂಬ ಎಸ್ಟೇಟ್ ಕಾರ್ಮಿಕ ಮಹಿಳೆ ಮುಂದೆ ಬಂದಳು. ಅಂದು ಬೆಳಗ್ಗೆ ಅವಳ ತಾಯಿ ಚೋಮಿ ತೋಟದ ಕೂಲಿಗಳ ಲೈನ್ ಮನೆಯಲ್ಲಿ ತೀರಿಕೊಂಡಿದ್ದಳು. ಮುದುಕಿ ಆಯುಷ್ಯವೆಲ್ಲ ಕಾಫಿ ಹಣ್ಣು ಕೊಯ್ದ ತೋಟ ಕೈ ಬದಲಾಗಿತ್ತು. ಹೊಸ ಮಾಲೀಕರು ತೋಟದಲ್ಲಿ ಹೂಳಲು ಬಿಟ್ಟಿರಲಿಲ್ಲ.

“ಅವ್ವನ್ನ ಎಲ್ಲಿ ಮಣ್ಣು ಮಾಡ್ಲಿ ಸಾರ್?” ಎಂದಳು.

ಸಭೆ ಗೊಣಗಿತು. ಪ್ರವಾಸಿಗರು ಬರುವ ದಾರಿಯಲ್ಲಿ ಹೆಣ ಹೂಳುವುದೇ, ಬೇರೆ ಕಡೆ ನೋಡಲಿ ಎಂದರು. ನಾನು ಅಧ್ಯಕ್ಷರನ್ನು ಒಳಗೆ ಕರೆದೆ. ಸ್ಮಶಾನಕ್ಕೆ ಕಾದಿರಿಸಿದ ಜಾಗವನ್ನು ಗ್ರಾಮಸಭೆ ಬದಲಿಸುವಂತಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ, ಮೇಲಿನವರಿಂದ ಸ್ಪಷ್ಟನೆ ಕೇಳಿ ವಿಷಯ ಮುಂದೂಡೋಣ ಎಂದೆ. ನಿವೃತ್ತಿಯ ಹೊಸ್ತಿಲಲ್ಲಿ ಊರನ್ನು ಎದುರು ಹಾಕಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಪೊನ್ನಪ್ಪ ಒಪ್ಪಲಿಲ್ಲ. “ಮುಂದೂಡಿದ್ರೆ ಆ ಹೆಣ ಕಾಯ್ತದಾ ಸಾರ್? ಸಂವಿಧಾನಕ್ಕೆ ನಿಷ್ಠೆ ಅಂತ ನಂಗೆ ಪ್ರಮಾಣ ಮಾಡ್ಸಿದ್ರಲ್ಲ, ಅದ್ರಲ್ಲಿ ವೋಟ್ ಹಾಕಿದವ್ರಿಗೆ ಮಾತ್ರ ಅಂತ ಉಂಟಾ?”



ಹೊರಗೆ ಬಂದು ಅವರು ಸಭೆಗೆ ಹೇಳಿದ್ದು ಇಷ್ಟೇ: “ಸ್ಟ್ಯಾಂಡ್ ಮಾಡ್ತೇನೆ ಅಂತ ಹೇಳಿದ್ದು ನಾನೇ. ಪಹಣಿ ನೋಡದೆ ಹೇಳಿದ್ದು ನನ್ನ ತಪ್ಪು. ಈ ಠರಾವಿಗೆ ನಾನು ಸೈನ್ ಹಾಕುದಿಲ್ಲ.” ಅರ್ಧ ಸಭೆ ಎದ್ದು ಹೋಯಿತು. ಅವರು ಮೊದಲು ತಮ್ಮ ಜೀಪನ್ನು ಆ ಜಾಗದಿಂದ ತೆಗೆದರು. ಕೆಲವರು ಹಿಂಬಾಲಿಸಿದರು, ಇಬ್ಬರು ಕದಲಲೇ ಇಲ್ಲ. ಆ ಎರಡು ಜೀಪುಗಳ ಆಚೆಗೆ, ಬೇಲಿಯ ಬುಡದಲ್ಲಿ, ಸಂಜೆಯ ಬಿಸಿಲು ಇರುವಾಗಲೇ ಚೋಮಿಯನ್ನು ಮಣ್ಣು ಮಾಡಿದರು. ಪೊನ್ನಪ್ಪನವರೂ ಹಾರೆ ಹಿಡಿದಿದ್ದರು.

ಮುಂದಿನ ಚುನಾವಣೆಯಲ್ಲಿ ಅವರು ತಮ್ಮದೇ ವಾರ್ಡಿನಲ್ಲಿ ಸೋತರು. ನಾನು ಅವರ ಮನೆಗೆ ಹೋದಾಗ ಬೆಲ್ಲದ ಕಾಫಿ ಕೊಟ್ಟರು. “ಬೇಜಾರುಂಟು ಸಾರ್, ಸುಳ್ಳು ಯಾಕೆ. ಸೋತದ್ದಕ್ಕೆ ಬೇಜಾರು. ಮಾಡಿದ್ದಕ್ಕೆ ಅಲ್ಲ,” ಎಂದರು.

ಜನರ ಮಾತು ಕೇಳಲೆಂದೇ ನಾವು ಒಬ್ಬರನ್ನು ಆರಿಸುತ್ತೇವೆ. ಆದರೆ ಎತ್ತಿದ ಕೈಗಳನ್ನು ಎಣಿಸುವುದಕ್ಕೆ ನನ್ನಂಥ ಗುಮಾಸ್ತ ಸಾಕು. ಕೈ ಎತ್ತಲು ಯಾರೂ ಇಲ್ಲದವಳ ಪಾಲನ್ನು ಉಳಿಸುವುದಕ್ಕೆ ಅಧ್ಯಕ್ಷ ಬೇಕು. ಕಾಯ್ದೆ ಪುಸ್ತಕವನ್ನು ಮೂವತ್ತು ವರ್ಷ ಮೇಜಿನ ಮೇಲಿಟ್ಟುಕೊಂಡಿದ್ದ ನನಗೆ ಇದನ್ನು ಕಲಿಸಿದ್ದು ಒಬ್ಬ ಜೀಪ್ ಚಾಲಕ.