ಚಿತ್ರದಲ್ಲಿ ಹುಷಾರಾಗಿದ್ದ ಬಲ್ಬಣ್ಣ

ಬಲ್ಬಣ್ಣ ಸೋಮವಾರ ಮಧ್ಯಾಹ್ನ ಕಂಬದ ಮೇಲೆ ಸತ್ತ. ಅವನ ಮೆದುಳಿಗೆ ಏನೂ ಆಗಿಲ್ಲ ಎಂದು ಕಚೇರಿ ಆಗಲೇ ತೀರ್ಮಾನಿಸಿತ್ತು.

ವಿದ್ಯುತ್ ಕಚೇರಿಯ ಲೈನ್‌ಮ್ಯಾನ್ ಅವನು. ಬೀದಿದೀಪ ಹಾಕಿ ಹಾಕಿ ಆ ಹೆಸರು ಅಂಟಿಕೊಂಡಿತ್ತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಕಳೆದ ವರ್ಷ ಒಂದು ತಂತಿ ಅವನ ಬಲಗೈ ಹಿಡಿದು ಎತ್ತಿ ಒಗೆಯಿತು. ಅಂಗೈಯ ಗಾಯ ಮಾಯಿತು, ಮನುಷ್ಯ ಮಾತ್ರ ಮೊದಲಿನಂತಾಗಲಿಲ್ಲ. ಒಂದೇ ಲೋಟಕ್ಕೆ ಮತ್ತೆ ಮತ್ತೆ ಸಕ್ಕರೆ ಸುರಿಯುವನು. ವಿನಾಕಾರಣ ಸಿಡುಕುವನು, ಆಮೇಲೆ ಯಾಕೆ ಸಿಡುಕಿದೆ ಎಂದು ಹೆಂಡತಿಯನ್ನೇ ಕೇಳುವನು.

ಅವನಿಗೆ ಬೇಕಾಗಿದ್ದುದು ಒಂದೇ: ಕಂಬ ಬಿಟ್ಟು ನೆಲದ ಮೇಲಿನ ಕೆಲಸ. "ಕೆಳಗೆ ಮರೆತರೆ ಬೈಸ್ಕೋತೀನಿ ಕಣೇ. ಮೇಲೆ ಮರೆತರೆ ಬೈಯೋಕೂ ನಾನು ಸಿಗಲ್ಲ."

ಕಚೇರಿ ಎಂಆರ್‌ಐ ಮಾಡಿಸಿತು. ಕೊಳವೆಯೊಳಗೆ ಮಲಗಿ, ಆ ಡಬಡಬ ಸದ್ದಿನ ನಡುವೆ ಅವನು ಬೇಡಿಕೊಂಡ: ಒಂದು ಚುಕ್ಕೆಯಾದರೂ ಕಾಣಲಪ್ಪಾ. ಕಾಣಲಿಲ್ಲ.

ಕಚೇರಿಯ ಸಾಹೇಬರು ಚಿತ್ರವನ್ನು ತಲೆಕೆಳಗಾಗಿ ಕಿಟಕಿಗೆ ಹಿಡಿದು ತಲೆದೂಗಿದರು. "ಭೇಷ್! ನನ್ನ ಮೆದುಳಿಗಿಂತ ಚೆನ್ನಾಗಿದೆಯಲ್ಲಯ್ಯಾ."

"ಹಾಗಾದ್ರೆ ಕುರ್ಚಿ ಬದಲಾಯಿಸ್ಕೊಳ್ಳೋಣ ಸಾರ್."

"ನೋಡಿದ್ರಾ, ತಮಾಷೆನೂ ಮಾಡ್ತಾನೆ. ಪೂರ್ತಿ ಹುಷಾರು!"

ನರರೋಗದ ಡಾಕ್ಟರಮ್ಮ ಒಪ್ಪಲಿಲ್ಲ. "ಇದು ಮನೆಯ ಗೋಡೆ ಫೋಟೋ. ಒಳಗಿರೋರು ಹೇಗೆ ಕೆಲಸ ಮಾಡ್ತಿದ್ದಾರೆ ಅಂತ ಇದ್ರಲ್ಲಿ ಕಾಣಲ್ಲ. ಕರೆಂಟ್ ಹೊಡೆದವರಿಗೆ ಎಷ್ಟೋ ಸಲ ಇದು ಚೆನ್ನಾಗೇ ಬರುತ್ತೆ. ಮೆದುಳಿನ ಚಟುವಟಿಕೆ ತೋರಿಸೋ ಸ್ಕ್ಯಾನ್ ಬೇರೆ ಇದೆ, ಮಾಡಿಸಿ. ನೆನಪಿನ ಪರೀಕ್ಷೆನೂ ಆಗ್ಲಿ. ಅಲ್ಲೀವರೆಗೂ ಕಂಬ ಹತ್ತಿಸಬೇಡಿ."

ಸಾಹೇಬರಿಗೆ ರೇಗಿತು. "ಒಂದು ತಲೆಗೆ ಎಷ್ಟು ಫೋಟೋ ರೀ? ಮದುವೆನಾ ಇದು?"

ಸೋಮವಾರ ಅವನನ್ನು ಕಂಬಕ್ಕೇ ಕಳಿಸಿದರು. "ಹೋಗ್ಬೇಡಿ" ಎಂದು ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಚಿತ್ರಾನೇ ಸರಿಯಿದ್ದೀನಿ ಅಂದಮೇಲೆ, ಅಲ್ಲ ಅನ್ನೋಕೆ ನಾನ್ಯಾರೇ?" ಎಂದು ನಕ್ಕು ಹೊರಟ.

ಅಲ್ಲಿಯ ಲೈನ್‌ಮ್ಯಾನ್‌ಗಳದೊಂದು ಪದ್ಧತಿ: ಹತ್ತುವವನು ಆ ಬೀದಿಯ ಫ್ಯೂಸು ಕಿತ್ತು ತನ್ನ ಜೇಬಿಗೇ ಹಾಕಿಕೊಳ್ಳಬೇಕು. ಆಗ ಕೆಳಗಿನಿಂದ ಯಾರೂ ಕರೆಂಟ್ ಕೊಡಲಾಗದು. ಬೆಳಿಗ್ಗೆ ದರ್ಜಿಗಳ ಬೀದಿಯಲ್ಲಿ ಕೆಲಸ ಮುಗಿಸಿದವನು ಅಲ್ಲಿಯ ಫ್ಯೂಸನ್ನು ಮರಳಿ ಹಾಕುವುದನ್ನೇ ಮರೆತ. ಹೊಲಿಗೆ ಯಂತ್ರಗಳು ನಿಂತು, ದರ್ಜಿಗಳು ಕಚೇರಿಗೆ ಫೋನ್ ಮಾಡಿ ಬೈಯುತ್ತಿದ್ದರು. ಅಷ್ಟರಲ್ಲಿ ಅವನು ಬೇಕರಿ ಬೀದಿಯ ಕಂಬದ ಬುಡದಲ್ಲಿದ್ದ. ಬೇಕರಿಯೊಳಗೆ ಫ್ಯಾನು ತಿರುಗುತ್ತಿತ್ತು. ಅವನ ಬೆನ್ನು ಅತ್ತ ಇತ್ತು.

ಇಲ್ಲಿಯದನ್ನು ಕಿತ್ತೆನೋ, ಇಲ್ಲವೋ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಜೇಬು ಮುಟ್ಟಿ ನೋಡಿಕೊಂಡ. ಫ್ಯೂಸು ಇತ್ತು. ನಿರಾಳವಾಗಿ ಉಸಿರುಬಿಟ್ಟು ಕಂಬ ಹತ್ತಿದ.