ಆರ್ಲನ್ ಕೊಂಡ ಗಿಡ್ಡ ತೋಟೆಯ ಕೋವಿ

ನನ್ನ ಅಕ್ಕ ಮಾರ್ವಾಳ ಗಂಡ ಆರ್ಲನ್ ಸ್ಟೋರ್ಡಾಲ್, ನಮ್ಮೂರಿನ ಸನ್ ನದಿಯ ಕಾಲುವೆಗೆ ನೀರುಗಂಟಿ. ವಸಂತದಲ್ಲಿ ನೀರು ಬಿಟ್ಟ ದಿನದಿಂದ ಬಾರ್ಲಿ ಕೊಯ್ಲು ಮುಗಿಯುವ ತನಕ ತೂಬಿನಿಂದ ತೂಬಿಗೆ ಪಿಕಪ್ ಓಡಿಸುವುದು, ಹಲಗೆ ಎತ್ತುವುದು, ಇಳಿಸುವುದು, ನೀರು ಕಡಿಮೆ ಬಂತೆನ್ನುವವರಿಂದಲೂ ಹೆಚ್ಚು ಬಂತೆನ್ನುವವರಿಂದಲೂ ಬೈಸಿಕೊಳ್ಳುವುದು ಅವನ ಕೆಲಸ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನಿಗೆ ಹೇಳಿ ಮಾಡಿಸಿದ ಕೆಲಸ. ಊಟಕ್ಕೆ ಕೂತರೂ ಅವನ ಒಂದು ಮೊಣಕಾಲು ಮೇಜಿನ ಕೆಳಗೆ ಕುಣಿಯುತ್ತಿರುತ್ತದೆ. ಮಾರ್ವಾ ಆಡುತ್ತಿರುವ ಮಾತನ್ನು ನಿಲ್ಲಿಸದೆಯೇ ಅದರ ಮೇಲೆ ಕೈಯಿಟ್ಟು ಒತ್ತಿ ಹಿಡಿಯುತ್ತಾಳೆ. ಬೆಟ್ಟದಿಂದ ಇಳಿದು ನಮ್ಮ ಬಾಗಿಲು ಬಡಿಯುವ ಗಾಳಿಯೇ ವರ್ಷಕ್ಕೆ ನಾಲ್ಕು ದಿನ ಸುಮ್ಮನಿರುತ್ತದೆ. ಆರ್ಲನ್ ಅಷ್ಟೂ ಇರುವುದಿಲ್ಲ.

ಆದರೆ ನಾನು ಹೇಳಹೊರಟಿರುವ ವರ್ಷದಲ್ಲಿ ಅವನ ಚಡಪಡಿಕೆ ಬೇರೆಯದೇ ಜಾತಿಯದು. ಅದರ ಹಿಂದಿನ ನವೆಂಬರ್‌ನಲ್ಲಿ ಅವನು ಕಣಿವೆಯಾಚೆ ನಿಂತಿದ್ದ ಗಂಡು ಎಲ್ಕ್‌ಗೆ ಈಡು ಹೊಡೆದಿದ್ದ. ಕುದುರೆಯಷ್ಟು ಎತ್ತರದ ಜಿಂಕೆ ಅದು. ಮುಗ್ಗರಿಸಿತು, ಬೀಳಲಿಲ್ಲ, ಪೈನ್ ಮರಗಳೊಳಗೆ ಹೋಗಿಬಿಟ್ಟಿತು. ಹಿಮದ ಮೇಲಿನ ರಕ್ತದ ಹನಿ ಹಿಡಿದು ನಾನೂ ಅವನೂ ಕತ್ತಲಾಗುವ ತನಕ ಹೋದೆವು. ಮರುದಿನವೂ ಹೋದೆವು. ಮಧ್ಯಾಹ್ನ ಹೊಸ ಹಿಮ ಬಿದ್ದು ಜಾಡು ಮುಚ್ಚಿತು. ವಾಪಸು ಬರುವಾಗ ಆರ್ಲನ್ ಒಂದೇ ಮಾತಾಡಿದ.

"ಇನ್ನೊಂದು ಪ್ರಾಣೀನ ಹೀಗೆ ನೋವು ಕೊಟ್ಟು ಕಳಿಸಿದ್ರೆ, ರಾಯ್ಸ್, ನಾನು ಮತ್ತೆ ಬೆಟ್ಟ ಹತ್ತಲ್ಲ."

ಬೆಟ್ಟ ಹತ್ತದ ಆರ್ಲನ್ ಎಂದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಅಡುಗೆಮನೆಯಲ್ಲಿ ತಿರುಗಾಡುವ ಆರ್ಲನ್. ನನ್ನ ಅಕ್ಕನ ಗತಿ ನೆನೆದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವನಿಗಾಗಿಯೂ ಆಯಿತು. ಅವನಿಗೆ ಬೇರೆ ಖುಷಿ ಗೊತ್ತಿಲ್ಲ.

ಚಳಿಗಾಲವಿಡೀ ಯೋಚಿಸಿ ಅವನು ಅಪರಾಧಿಯನ್ನು ಕಂಡುಹಿಡಿದ. ತಂದೆಯಿಂದ ಬಂದ ಹಳೆಯ ಕೋವಿ! ಅದಕ್ಕೆ ಕಸುವು ಸಾಲದು. ಎರಡು ತಲೆಮಾರಿಗೆ ಮಾಂಸ ಹಾಕಿದ ಕೋವಿಗೆ ಒಂದೇ ದಿನದಲ್ಲಿ ಕಸುವು ಹೇಗೆ ಬತ್ತಿತು ಎಂದು ನಾನು ಕೇಳಿದರೆ ಅವನು ಕೇಳಿಸಿಕೊಳ್ಳಲಿಲ್ಲ. ಅವನ ತಲೆಯಲ್ಲಿ ಆಗಲೇ ಗಿಡ್ಡ ಮ್ಯಾಗ್ನಮ್ ತೋಟೆ, ಅಂದರೆ ಮಾಮೂಲಿಗಿಂತ ಹೆಚ್ಚು ಕಸುವಿನ ಕಾಡತೂಸು, ಕೂತಿತ್ತು.

ನನ್ನದು ಮಾಂಸ ಕತ್ತರಿಸುವ ಅಂಗಡಿ. ಬೇಟೆಗಾರರು ತಂದದ್ದನ್ನು ತುಂಡು ಮಾಡಿ, ಸಾಸೇಜ್ ಮಾಡಿ, ಕಾಗದದಲ್ಲಿ ಸುತ್ತಿ ಕೊಡುತ್ತೇನೆ. ಆ ವಸಂತದಲ್ಲಿ ಆರ್ಲನ್ ಕಾಲುವೆಯ ಸುತ್ತು ಮುಗಿಸಿದ್ದೇ ನನ್ನ ಅಂಗಡಿಗೆ ಬರುತ್ತಿದ್ದ. ಕೂರುತ್ತಿರಲಿಲ್ಲ. ತೂಗುಹಾಕಿದ ಹಂದಿಯ ತೊಡೆಗಳ ನಡುವೆ ಅತ್ತಿಂದಿತ್ತ ಓಡಾಡುತ್ತ ತೋಟೆಯ ಗುಣಗಾನ ಮಾಡುತ್ತಿದ್ದ.

"ಗಿಡ್ಡ ಅಂದ್ರೆ ತೋಟೆ ಒಳಗೆ ತಳ್ಳೋ ಬೋಲ್ಟ್ ಎಳೆಯೋ ದೂರ ಕಮ್ಮಿ. ಕೋವಿನೂ ಗಿಡ್ಡ, ಹಗುರ. ಬೆಟ್ಟ ಹತ್ತೋನಿಗೆ ಇನ್ನೇನು ಬೇಕು ಹೇಳು?"

"ಮೆಟ್ಲು ಬೇಕು," ಎಂದೆ.

"ತಮಾಷೆ ಬಿಡು. ಮದ್ದು ಗಿಡ್ಡಗೆ, ದಪ್ಪಗೆ ಕೂತಿರುತ್ತಲ್ಲ, ಅದಕ್ಕೇ ಒಂದೇ ಸಮ ಉರಿಯುತ್ತಂತೆ. ಉದ್ದನೆ ಮ್ಯಾಗ್ನಮ್ ಮಾಡೋ ಕೆಲಸಾನ ಇದು ಕಮ್ಮಿ ಮದ್ದಲ್ಲಿ ಮಾಡುತ್ತೆ. ಕಣಿವೆ ಆಚೆಗೂ ಗೆರೆ ಎಳೆದ ಹಾಗೆ ಹೋಗುತ್ತೆ."

ಮರುದಿನ ಬಂದರೆ ಅವನೇ ಎದುರು ಪಕ್ಷದ ವಕೀಲ.

"ದಪ್ಪ ಜಾಸ್ತಿ ಆಯ್ತು ಮಾರಾಯ. ಮ್ಯಾಗಜಿನ್‌ನಲ್ಲಿ ಮೂರೇ ತೋಟೆ ಹಿಡಿಯೋದು. ಒಳಗೆ ಹೋಗೋವಾಗ ಒಂದೊಂದ್ಸಲ ಮೂತಿ ಸಿಕ್ಕಿಸ್ಕೊಂಡು ನಿಂತ್ಬಿಡುತ್ತಂತೆ."

"ಒಂದು ಸರಿಯಾಗಿ ಬಿದ್ರೆ ಉಳಿದೆರಡು ಯಾಕೆ?" ಎಂದೆ.

"ಅದೂ ಅಲ್ದೆ, ಎಲ್ಲಾ ಕಡೆ ಸಿಗಲ್ಲ. ಹಳೇ ಕೋವಿ ತೋಟೆ ಪೆಟ್ರೋಲ್ ಬಂಕಲ್ಲಿ ಹಾಲು ಬ್ರೆಡ್ ಪಕ್ಕದಲ್ಲೇ ಇಟ್ಟಿರ್ತಾರೆ. ಇದನ್ನ ಮನೇಲಿ ಮರೆತು ಹೋದ್ರೆ ಆಮೇಲೆ ಕೋವಿ ಊರುಗೋಲಿಗೇ ಸರಿ."

ನನ್ನ ಕಡೆಯಿಂದಲೂ ಒಂದು ತಕರಾರು ಹಾಕಿದೆ. ಇಂಥ ತೋಟೆ ಹತ್ತಿರದಿಂದ ಬಿದ್ದರೆ ಮುಂಗಾಲಿನ ಮಾಂಸವೆಲ್ಲ ಕೆಂಪು ಲೋಳೆಯಾಗಿ ನನ್ನ ಮೇಜಿಗೆ ಬರುತ್ತದೆ. ನಾಯಿಗೆ ಹಾಕಲು ಮಾತ್ರ ಬರುತ್ತದೆ. ಅದನ್ನೂ ಅವನು ತಕ್ಕಡಿಗೆ ಹಾಕಿಕೊಂಡ. ಹಗುರ ಒಂದು ಕಡೆ, ಅಭಾವ ಇನ್ನೊಂದು ಕಡೆ. ನೇರ ಓಟ ಇತ್ತ, ಮೂತಿ ಸಿಕ್ಕಿಸಿಕೊಳ್ಳುವುದು ಅತ್ತ. ಹೆಣ್ಣು ನೋಡಲು ಹೋದವರೂ ಇಷ್ಟು ಅಳೆದು ಸುರಿಯುವುದಿಲ್ಲ.

"ಎಲ್ಲಾ ಸರಿ, ಹೊಡೆದಾಗ ಭುಜಕ್ಕೆ ಒದೆತ ಹೇಗೆ?" ಎಂದು ಒಮ್ಮೆ ಕೇಳಿದೆ.

"ಒದೆತ ಎಲ್ಲಿ ಬಂತು? ಅದೇನೂ ಇಲ್ಲ," ಎಂದು ಬೆನ್ನು ತಿರುಗಿಸಿದ.

ಕೋವಿ ಹಗುರವಾದಷ್ಟೂ ಹೆಚ್ಚು ಒದೆಯುತ್ತದೆ ಎಂಬುದು ಚಡ್ಡಿ ಹಾಕುವ ಮಕ್ಕಳಿಗೂ ಗೊತ್ತು. ಆದರೆ ನಮ್ಮಲ್ಲಿ ಕೋವಿ ಒದೆಯಿತು ಎಂದು ಗಂಡಸು ಬಾಯಿಬಿಡುವ ಪದ್ಧತಿಯಿಲ್ಲ. ಭುಜ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದರೂ ಷರ್ಟಿನ ಗುಂಡಿ ಹಾಕಿಕೊಂಡು "ಮಗು ತಟ್ಟಿದ ಹಾಗಿತ್ತು" ಎನ್ನಬೇಕು. ಹಾಗಾಗಿ ಎಲ್ಲವನ್ನೂ ತೂಗಿದ ಆರ್ಲನ್ ಅದೊಂದನ್ನು ತಕ್ಕಡಿಯ ಹೊರಗೇ ಇಟ್ಟು, ಕೋವಿಯನ್ನು ಕೊಂಡು ತಂದ.

ಊರಾಚೆಯ ಜಲ್ಲಿ ತೆಗೆದ ಗುಂಡಿಯಲ್ಲಿ ನಾವು ಗುರಿ ಹೊಡೆಯುವುದು. ಬೇಸಿಗೆಯಿಡೀ ಅವನು ಅಲ್ಲಿ ಹೊಡೆದ. ಕಾಗದದ ಮೇಲೆ ತೂತುಗಳು ಕೋಳಿ ಕೆದರಿದ ಹಾಗೆ ಬೀಳುತ್ತಿದ್ದವು. ಗುಂಡಿನ ತೂಕ ಬದಲಿಸಿದ. ಗುರಿ ನೋಡುವ ಸ್ಕೋಪಿನ ಸ್ಕ್ರೂ ಬಿಚ್ಚಿ ಬಿಗಿದ. ಸ್ಕೋಪನ್ನೇ ಬದಲಿಸಿದ. ಗಾಳಿಯನ್ನು ಬೈದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅದನ್ನು ಹೇಳಿಯೂಬಿಟ್ಟೆ, ಅವನು ವಾರವಿಡೀ ನನ್ನ ಅಂಗಡಿಗೆ ಬರಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಮಾರ್ವಾ ನಮ್ಮ ಜೊತೆ ಬಂದಳು. "ಇವತ್ತು ತೋಟೆ ನಾನು ತುಂಬ್ತೀನಿ. ನೀನು ಗುರಿ ಕಡೆ ಮಾತ್ರ ನೋಡು," ಎಂದಳು. ಮೊದಲ ಸಲ ತುಂಬಿ ಕೊಟ್ಟಳು. ಢಂ ಎಂದಿತು, ತೂತು ಕಾಗದದ ಅಂಚಿನಲ್ಲಿ ಬಿತ್ತು. ಎರಡನೆಯ ಸಲ ಅವಳು ಬೋಲ್ಟ್ ಎಳೆದು, ಏನನ್ನೂ ಹಾಕದೆ, ಮುಚ್ಚಿ ಅವನ ಕೈಗಿಟ್ಟಳು. ನಾನು ನೋಡಿದೆ, ಅವನು ನೋಡಲಿಲ್ಲ.

ಅವನು ಟ್ರಿಗರ್ ಎಳೆದ. ಟಕ್ ಎಂದಿತು, ಅಷ್ಟೇ. ಖಾಲಿ ಕೋವಿಯ ಮೂತಿ ಗೇಣುದ್ದ ಕೆಳಕ್ಕೆ ಬಡಿಯಿತು. ಅವನ ಭುಜ ಯಾರನ್ನೋ ತಳ್ಳುವ ಹಾಗೆ ಮುಂದಕ್ಕೆ ನುಗ್ಗಿತ್ತು. ಕಣ್ಣುಗಳು ಗಟ್ಟಿಯಾಗಿ ಮುಚ್ಚಿದ್ದವು. ನಗಬೇಕೆಂದು ಬಾಯಿ ತೆರೆದಿದ್ದೆ, ಆ ಮುಖ ನೋಡಿ ನಗು ಬರಲಿಲ್ಲ.

"ಕಣ್ಣಿಗೆ ಬಿಸಿಲು ಹೊಡೀತು," ಎಂದ ಆರ್ಲನ್. ಬಿಸಿಲು ನಮ್ಮ ಬೆನ್ನಿಗಿತ್ತು.

"ಆರ್ಲನ್, ನೀನು ಹೆದರ್ತಿದ್ದೀಯ," ಎಂದಳು ಮಾರ್ವಾ. "ಅದು ಒದೆಯೋ ಮೊದ್ಲೇ ನಿನ್ನ ಮೈ ಹಾರುತ್ತೆ."

"ಹೆಂಡ್ತಿ ಆಗಿ ನಂಗೇ ಮೋಸ ಮಾಡ್ತೀಯಾ? ಅದೂ ಇವನ ಮುಂದೆ?"

ಕೋವಿಯನ್ನು ಚೀಲಕ್ಕೆ ತುರುಕಿ, ಪಿಕಪ್ ಹತ್ತಿ ಹೋಗಿಯೇಬಿಟ್ಟ. ನಾವಿಬ್ಬರೂ ಧೂಳು ತಿಂದುಕೊಂಡು ಊರಿಗೆ ನಡೆದೆವು. ಮಾರ್ವಾ ದಾರಿಯಲ್ಲಿ ಸಿಕ್ಕ ಕಲ್ಲುಗಳನ್ನೆಲ್ಲ ಒದೆಯುತ್ತ ನಡೆದಳು.

"ತೂಬಿನ ಮಂಜುಗಡ್ಡೆ ಒಡೆಯೋಕೆ ಹೋಗಿ ಬಿದ್ದಿದ್ದ, ಜ್ಞಾಪಕ ಇದೆಯಾ? ಭುಜದ ಹತ್ತಿರದ ಕೊರಳೆಲುಬು ಡೊಂಕಾಗಿ ಕೂಡ್ಕೊಂಡಿದೆ. ಇವತ್ತಿಗೂ ಷರ್ಟ್ ಹಾಕ್ಕೊಳ್ಳೋವಾಗ ಹಲ್ಲು ಕಚ್ತಾನೆ. ಹಳೇ ಕೋವಿ ಒದ್ರೇನೇ ನೋವು. ಈಗ ಹೋಗಿ ಹೋಗಿ ಅದಕ್ಕಿಂತ ಜೋರಾಗಿ ಒದೆಯೋದನ್ನ ತಂದಿದ್ದಾನೆ."

"ಹಾಗಾದ್ರೆ ಹೋದ ವರ್ಷದ ಎಲ್ಕ್ ತಪ್ಪಿದ್ದೂ..."

"ಹೂಂ. ಅವನಿಗೂ ಗೊತ್ತು. ಅದಕ್ಕೇ ಅಷ್ಟು ಸಿಟ್ಟು."

ಕಾಲುವೆ ನೀರು ನಿಂತಿತು. ಓಡಾಡಲು ತೂಬುಗಳಿಲ್ಲದೆ ಆರ್ಲನ್ ಮನೆಯಲ್ಲೇ ಕಾಲುವೆ ಸುತ್ತತೊಡಗಿದ. ಹಳೆಯ ಕೋವಿಯನ್ನು ಪಿಕಪ್‌ನಲ್ಲಿಡುವನು, ತೆಗೆದು ಹೊಸದನ್ನಿಡುವನು, ಅದನ್ನೂ ತೆಗೆಯುವನು. ಮಾರ್ವಾ ತನ್ನ ಸಣ್ಣ ಕೋವಿ ಒಯ್ಯಲು ಹೇಳಿದಳು. ಅದು ಹತ್ತಿರದ ಈಡಿಗೆ ಸಾಕು, ಒದೆಯುವುದೂ ಕಡಿಮೆ.

"ಅದು ಹೆಂಗಸರ ಕೋವಿ."

"ಹೌದು. ಪ್ರತಿ ವರ್ಷ ಮನೆಗೆ ಮಾಂಸ ತರೋ ಹೆಂಗಸರ ಕೋವಿ," ಎಂದಳು ಅವಳು.

ಒಂದು ದಿನ ಅವಳು ಗಿಡ್ಡ ತೋಟೆಯ ಕೋವಿಯನ್ನು ಒಬ್ಬಳೇ ಜಲ್ಲಿ ಗುಂಡಿಗೆ ಒಯ್ದು ಹೊಡೆದು ಬಂದಳು. ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಎಲ್ಲ ತೂತುಗಳನ್ನೂ ಒಂದು ಮುಷ್ಟಿಯಲ್ಲಿ ಮುಚ್ಚಬಹುದಿತ್ತು. ಆರ್ಲನ್ ಅದರ ಮುಂದೆ ಹಾಲಿನ ಡಬ್ಬಿ ಹಿಡಿದು ಬಹಳ ಹೊತ್ತು ನಿಂತಿದ್ದ.

"ಒದೀತಾ?" ಎಂದು ಕೇಳಿದ.

"ಮೊದ್ಲು ನೀನು ಹೇಳು, ಒದೆಯುತ್ತೋ ಇಲ್ವೋ. ಆಮೇಲೆ ನಾನು ಹೇಳ್ತೀನಿ."

ಅವನು ಹಾಲು ಕುಡಿಯದೆ ಹೊರಗೆ ಹೋದ. ಇಂಥ ಹಟಮಾರಿಗಳಿಬ್ಬರನ್ನು ಒಂದೇ ಸೂರಿನಡಿ ಇಟ್ಟ ದೇವರಿಗೆ ನಾನು ಕೈಮುಗಿದೆ.

ನವೆಂಬರ್ ಬಂತು. ಮೂವರೂ ಬೆಟ್ಟದಲ್ಲಿ ಡೇರೆ ಹಾಕಿದೆವು. ಒಬ್ಬರಿಗೆ ಒಂದೇ ಎಲ್ಕ್ ಎಂಬ ಪರವಾನಗಿಯಲ್ಲಿ ನನ್ನದು ಮೊದಲ ವಾರದಲ್ಲೇ ಬಿದ್ದಿದ್ದರಿಂದ ನಾನು ಕೋವಿಯಿಲ್ಲದೆ ಬರಿ ಹೊರೆ ಹೊರಲು ಹೋದವನು. ಅಕ್ಕ ಭಾವ ಇಬ್ಬರ ಬಳಿಯೂ ಅವರವರ ಪರವಾನಗಿ ಇತ್ತು. ಆರ್ಲನ್ ಕೊನೆಗೆ ಗಿಡ್ಡ ತೋಟೆಯ ಕೋವಿಯನ್ನೇ ತಂದಿದ್ದ. ಅದು ಬೇಡವೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತು.

ಬೆಳಗ್ಗೆ ದಿಣ್ಣೆಯ ಅಂಚಿಗೆ ತೆವಳಿ ನೋಡಿದರೆ ಕಣಿವೆಯಾಚೆ ಹುಲ್ಲಿನಲ್ಲಿ ಒಂದು ಗಂಡು ಎಲ್ಕ್ ಮೇಯುತ್ತಿತ್ತು. ಅಂಥ ಕೊಂಬು ನಾನು ಹತ್ತು ವರ್ಷದಲ್ಲಿ ನೋಡಿರಲಿಲ್ಲ. ಮಾರ್ವಾಳ ಸಣ್ಣ ಕೋವಿಗೆ ಆ ದೂರ ದಕ್ಕುವುದಿಲ್ಲ. ಹತ್ತಿರ ಹೋಗೋಣವೆಂದರೆ ನಡುವೆ ಬೋಳು ಇಳಿಜಾರು. ಆರ್ಲನ್ ವರ್ಷವಿಡೀ ವರ್ಣಿಸಿದ ದೂರ ಇದೇ. ಅವನು ಚೀಲದ ಮೇಲೆ ಕೋವಿ ಇಟ್ಟು ಮಲಗಿದ. ಮಾರ್ವಾ ಅವನ ಎಡಕ್ಕೆ, ನಾನು ಬಲಕ್ಕೆ.

ಎಲ್ಕ್ ತಿರುಗಿ ಪಕ್ಕೆಯನ್ನು ಪೂರ್ತಿ ನಮ್ಮ ಕಡೆ ಕೊಟ್ಟು ನಿಂತಿತು. ಗಾಳಿಯೂ ನಿಂತಿತು.

"ಹೊಡಿ," ಎಂದು ಪಿಸುಗುಟ್ಟಿದೆ.

ಅವನು ಹೊಡೆಯಲಿಲ್ಲ. ಅವನ ಕಿವಿ ಕೆಂಪಾಯಿತು. ಕೋವಿಯ ಹಿಂಭಾಗವನ್ನು ಭುಜಕ್ಕೆ ಒತ್ತಿಕೊಳ್ಳುವನು, ಸಡಿಲಿಸುವನು, ಮತ್ತೆ ಒತ್ತಿಕೊಳ್ಳುವನು. ನನಗೆ ಕೂಗಿಬಿಡಬೇಕೆನಿಸಿತು. ಹೊಡೆ ಎಂದೋ ಬೇಡ ಎಂದೋ ನನಗೇ ತಿಳಿಯಲಿಲ್ಲ. ಎಲ್ಕ್ ತಲೆಯೆತ್ತಿ ಕಾಡಿನ ಕಡೆ ನೋಡಿತು, ಒಂದು ಹೆಜ್ಜೆ ಇಟ್ಟಿತು.

ಆರ್ಲನ್ ಕೋವಿಯಿಂದ ಮುಖ ಎತ್ತಿದ.

"ಇದು ಒದೆಯುತ್ತೆ," ಎಂದ.

ಮಾರ್ವಾ ಅವನ ಕಡೆ ತಿರುಗಿದಳು.

"ಒದೆಯುತ್ತೆ ಕಣೇ. ಭುಜ ಸೀಳಿ ಹೋದ ಹಾಗಾಗುತ್ತೆ. ನಂಗೆ ಹೆದರಿಕೆ. ಎಷ್ಟು ಗಟ್ಟಿ ಮನಸ್ಸು ಮಾಡಿದ್ರೂ ಕಣ್ಣು ತಾನಾಗೇ ಮುಚ್ಕೊಳ್ಳುತ್ತೆ. ನಾನು ಹೊಡೆದ್ರೆ ಇದೂ ಅದರ ಹಾಗೇ ನರಳಿಕೊಂಡು ಹೋಗುತ್ತೆ." ಅವನು ಹಿಂದಕ್ಕೆ ತೆವಳಿ ಜಾಗ ಬಿಟ್ಟ. "ನೀನು ಹೊಡಿ ಮಾರ್ವಾ."

ಅವಳು ಅವನ ಮೈಯ ಬಿಸಿ ಇನ್ನೂ ಇದ್ದ ಜಾಗಕ್ಕೆ ಸರಿದು ಮಲಗಿದಳು. ಅವಳ ಬೆನ್ನು ಒಮ್ಮೆ ಏರಿ ಇಳಿಯಿತು. ಢಂ ಎಂಬ ಸದ್ದು ಕಣಿವೆಯಾಚೆಗೆ ಹೋಗಿ ಮರಳಿ ಬಂತು. ಎಲ್ಕ್ ನಿಂತಲ್ಲೇ ಮುಂಗಾಲು ಮಡಚಿ ಕುಸಿಯಿತು, ಮತ್ತೆ ಏಳಲಿಲ್ಲ. ವರ್ಷವಿಡೀ ಬೈಸಿಕೊಂಡ ತೋಟೆಯಲ್ಲಿ ಯಾವ ದೋಷವೂ ಇರಲಿಲ್ಲ.

ಆರ್ಲನ್ ಕಣ್ಣಿಗೆ ಹಿಡಿದಿದ್ದ ದುರ್ಬೀನು ಇಳಿಸಲಿಲ್ಲ. "ಬಿತ್ತು," ಎಂದ. ಮತ್ತೆ "ಬಿತ್ತು" ಎಂದ. ದುರ್ಬೀನಿನ ಕೆಳಗೆ ಅವನ ಗಡ್ಡ ಒದ್ದೆಯಾಗುತ್ತಿತ್ತು. ಆ ಪ್ರಾಣಿ ನರಳಲಿಲ್ಲವೆಂಬ ಸಮಾಧಾನವೋ, ತಾನು ಹೊಡೆಯಲಿಲ್ಲವೆಂಬ ಸಂಕಟವೋ, ಎರಡೂ ಇದ್ದಿರಬೇಕು. ನನಗೆ ಅವನ ಮೇಲೆ ಅಷ್ಟು ಅಕ್ಕರೆ ಎಂದೂ ಬಂದಿರಲಿಲ್ಲ.

ಮಾರ್ವಾ ಬೋಲ್ಟ್ ತೆರೆದು ಕೋವಿಯನ್ನು ಹುಲ್ಲಿನ ಮೇಲಿಟ್ಟಳು. ಎದ್ದು ಕೂತು ಎಡಗೈಯಿಂದ ಬಲಭುಜ ಹಿಡಿದುಕೊಂಡಳು.

"ಒದೀತಾ?" ಎಂದು ಕೇಳಿದ ಆರ್ಲನ್.

"ಒದೀದೆ ಇರುತ್ತಾ? ಕತ್ತೆ ಒದ್ದ ಹಾಗೆ ಒದೀತು. ಅವತ್ತು ಜಲ್ಲಿ ಗುಂಡೀಲಿ ಕಣ್ಣಲ್ಲಿ ನೀರು ಬಂದಿತ್ತು ನಂಗೆ."

ಆರ್ಲನ್ ನನ್ನ ಕಡೆ ತಿರುಗಿದ. ಈಗ ನನ್ನ ಸರದಿ ಎಂಬಂತೆ ನೋಡುತ್ತ ಕೂತ. ಐವತ್ತು ದಾಟಿದ ಗಂಡಸು ನಾನು. ನನ್ನಪ್ಪ, ಅವನಪ್ಪ ಯಾರೂ ಆ ಮಾತು ಆಡಿದವರಲ್ಲ.

"ನಂದೂ ಒದೆಯುತ್ತೆ ಕಣೋ," ಎಂದೆ.